ರಾಶಿಯಿಂದ ಇಳಿದ ತಾಮ್ರ



ಲೋಹವೆಂದೊಡನೆ ನಮ್ಮ ಸ್ಮರಣೆಗೆ ಮೊದಲು ಬರುವುದು ಬೆಂಕಿ. ಕುಲುಮೆ, ತಿದಿ, ಇದ್ದಲು, ಮೂಸೆ ಇವಾವುವೂ ಇಲ್ಲದೆ ಕಲ್ಲಿನಿಂದ ಲೋಹವನ್ನು ಬೇರ್ಪಡಿಸಬಹುದೆಂದು ಯಾರಾದರೂ ಹೇಳಿದರೆ ಒಡನೆಯೇ ನಂಬುವವರು ವಿರಳ. ಆದರೆ ಇಂದು ಜಗತ್ತಿನ ಗಣಿಗಳಿಂದ ದೊರೆಯುವ ಹೊಸ ತಾಮ್ರದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕುಲುಮೆಯ ಮುಖವನ್ನೇ ಕಾಣದೆ, ನೀರಿನಲ್ಲಿ ಕರಗಿ, ನೀರಿನಿಂದಲೇ ಲೋಹವಾಗಿ ಹೊರಬರುತ್ತದೆ. ಅದಿರನ್ನು ಒಡೆದು ರಾಶಿ ಹಾಕುವುದು, ಆ ರಾಶಿಯ ಮೇಲೆ ಹುಳಿನೀರನ್ನು ತೊಟ್ಟುತೊಟ್ಟಾಗಿ ಬಿಡುವುದು, ಅಡಿಯಲ್ಲಿ ಇಳಿದ ನೀಲಿಯ ನೀರನ್ನು ಹಿಡಿದುಕೊಳ್ಳುವುದು, ಸ್ಥೂಲವಾಗಿ ಇಷ್ಟೇ ಅದರ ಕ್ರಮ. ಗಣಿಯವರು ಇದನ್ನು ಹೀಪ್ ಲೀಚಿಂಗ್ ಎನ್ನುತ್ತಾರೆ. ಬೆಂಗಳೂರಿನವರಿಗೆ ಇದರ ತತ್ತ್ವವನ್ನು ವಿವರಿಸಲು ಹೆಚ್ಚು ಶ್ರಮಬೇಡ. ಕಾಫಿಯ ಫಿಲ್ಟರಿನ ಮೇಲ್ಪಾತ್ರೆಯಲ್ಲಿ ಪುಡಿ, ಅದರ ಮೇಲೆ ನೀರು, ಕೆಳಪಾತ್ರೆಯಲ್ಲಿ ಡಿಕಾಕ್ಷನ್. ಪುಡಿಯ ಬದಲು ಕಲ್ಲು ಇದ್ದರೆ, ಒಂದು ರಾತ್ರಿಯ ಬದಲು ಹಲವು ತಿಂಗಳು ಕಾದರೆ, ಅದೇ ಕೆಲಸ.

ನಮ್ಮ ನಾಡಿನಲ್ಲಿ ತಾಮ್ರದ ಕಲ್ಲು ಉಂಟು. ರಾಶಿಯಿಂದ ಸಾರವನ್ನು ನೀರಿನಲ್ಲಿ ಇಳಿಸುವ ವಿದ್ಯೆಯೂ ಬಹು ಹಿಂದಿನಿಂದ ಇತ್ತು. ಆದರೂ ಇವೆರಡೂ ಒಂದನ್ನೊಂದು ಸೇರಲಿಲ್ಲ. ಏಕೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ವಿದ್ಯೆ ಇತ್ತೆಂದು ಹೇಳಿದೆನಷ್ಟೆ. ಅದನ್ನು ಬಲ್ಲವರು ಪಂಡಿತರಲ್ಲ, ಉಪ್ಪಾರರು. ಸಮುದ್ರದಿಂದ ದೂರವಾದ ಮೈಸೂರು ಸೀಮೆಯ ಬಯಲುಗಳಲ್ಲಿ, ಬೇಸಿಗೆಯಲ್ಲಿ ಚೌಳುಮಣ್ಣಿನ ಮೇಲೆ ಬಿಳಿಯ ಹೊಪ್ಪಳೆ ಕಟ್ಟುವುದನ್ನು ನೋಡಿದವರುಂಟು. ಉಪ್ಪಾರರು ಆ ಮಣ್ಣನ್ನು ಕೆರೆದು ತಂದು, ಕಲ್ಲು ಜೇಡಿಮಣ್ಣುಗಳಿಂದ ಕಟ್ಟಿದ ತೊಟ್ಟಿಯಲ್ಲಿ ಹುಲ್ಲನ್ನು ಹಾಸಿ, ಅದರ ಮೇಲೆ ಮಣ್ಣನ್ನು ತುಂಬಿ, ನೀರು ಹೊಯ್ಯುತ್ತಿದ್ದರು. ಮಣ್ಣು ಮೇಲೆಯೇ ನಿಂತು ಉಪ್ಪು ನೀರಿನೊಡನೆ ಕೆಳಗಿಳಿಯುತ್ತಿತ್ತು. ಆ ನೀರನ್ನು ಬಿಸಿಲಿನಲ್ಲಿ ಆರಿಸಿಯೋ ಒಲೆಯ ಮೇಲೆ ಬತ್ತಿಸಿಯೋ ಉಪ್ಪನ್ನು ಪಡೆಯುತ್ತಿದ್ದರು. ಮದ್ದಿನ ತಯಾರಿಕೆಗೆ ಬೇಕಾದ ಪೆಟ್ಲುಪ್ಪನ್ನು ತೆಗೆಯುತ್ತಿದ್ದುದೂ ಇದೇ ಬಗೆಯಲ್ಲಿ. ಉಪ್ಪಿನ ತೆರಿಗೆಯ ಕಾರಣದಿಂದ ಮದರಾಸು ಆಧಿಪತ್ಯದಲ್ಲಿ ಈ ಕಸುಬನ್ನು ಇಂಗ್ಲಿಷ್ ಸರಕಾರ ಅಡಗಿಸಿತು. ಉಳಿದೆಡೆಗಳಲ್ಲಿ ಅಗ್ಗದ ಸಮುದ್ರದುಪ್ಪು ರೈಲಿನಲ್ಲಿ ಬಂದು ಅದನ್ನು ನಿಲ್ಲಿಸಿತು. ಆದರೆ ಒಂದು ರಾಶಿಯ ತಳ ನೀರು ಹೀರಬಾರದು, ಮೇಲ್ಭಾಗ ಸಮವಾಗಿ ನೆನೆಯಬೇಕು, ಮೊದಲು ಇಳಿದ ನೀರು ತೆಳುವಾಗಿದ್ದರೆ ಅದನ್ನೇ ಮರಳಿ ರಾಶಿಯ ಮೇಲೆ ಹೊಯ್ಯಬೇಕು, ಈ ಮೂರು ಸೂತ್ರಗಳು ಉಪ್ಪಿನ ರಾಶಿಗೆ ಹೇಗೋ ಇಂದಿನ ತಾಮ್ರದ ರಾಶಿಗೂ ಹಾಗೆಯೇ.

ಉಪ್ಪು ಶುದ್ಧ ನೀರಿಗೇ ಕರಗುತ್ತದೆ. ತಾಮ್ರದ ಕಲ್ಲು ಹಾಗೆ ಕರಗುವುದಿಲ್ಲ, ಅದಕ್ಕೆ ಹುಳಿ ಬೇಕು. ಗಂಧಕಾಮ್ಲ ತಾಗಿದ ತಾಮ್ರದ ಕಲ್ಲಿನಿಂದ ಇಳಿಯುವ ನೀಲಿ ವಸ್ತು ನಮಗೆ ಅಪರಿಚಿತವೇನೂ ಅಲ್ಲ, ಅದು ಮೈಲುತುತ್ತ. ಮಲೆನಾಡಿನ ಅಡಕೆಯ ತೋಟಿಗರನ್ನು ಕೇಳಿದರೆ ಇದರ ಗುಣವನ್ನು ರಸಾಯನಶಾಸ್ತ್ರದ ಉಪಾಧ್ಯಾಯರಷ್ಟೇ ಸ್ಪಷ್ಟವಾಗಿ ಹೇಳುತ್ತಾರೆ. ಮಳೆಗಾಲದಲ್ಲಿ ಅಡಕೆಯನ್ನು ಉದುರಿಸುವ ಕೊಳೆರೋಗಕ್ಕೆ ಹಿಂದೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಆ ರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಇದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂಬುದು ಮೊದಲ ನಿಯಮ. ಪಾಕ ಸರಿಯಾಯಿತೇ ಎಂದು ನೋಡಲು ತೋಟಿಗನು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾನೆ. ಅಲಗು ಕೆಂಪಾದರೆ ಸುಣ್ಣ ಸಾಲದು.

ಆ ಕೆಂಪು ತುಕ್ಕಲ್ಲ, ಅಪ್ಪಟ ತಾಮ್ರ. ಕಬ್ಬಿಣವು ತಾನು ನೀರಿನೊಳಕ್ಕೆ ಕರಗಿ, ನೀರಿನೊಳಗಿದ್ದ ತಾಮ್ರವನ್ನು ಹೊರಕ್ಕೆ ತಳ್ಳುತ್ತದೆ. ಲೆಕ್ಕದ ಪ್ರಕಾರ 56 ತೂಕದ ಕಬ್ಬಿಣ ಕರಗಿದರೆ 63 ತೂಕಕ್ಕೂ ತುಸು ಮಿಕ್ಕಿದ ತಾಮ್ರ ಹೊರಬೀಳಬೇಕು. ವ್ಯವಹಾರದಲ್ಲಿ ಕಬ್ಬಿಣ ಇನ್ನೂ ಹೆಚ್ಚು ಹಿಡಿಯುತ್ತದೆ. ತೋಟಿಗನಿಗೆ ಈ ತಾಮ್ರ ಬೇಕಾಗಿಲ್ಲ, ಅದು ಪಾಕ ಕೆಟ್ಟಿತೆಂಬುದರ ಸೂಚನೆ ಮಾತ್ರ. ಆದರೆ ಜಗತ್ತಿನ ಬೇರೊಂದು ಮೂಲೆಯಲ್ಲಿ ಒಂದು ಸಾಮ್ರಾಜ್ಯದ ನಾಣ್ಯವೇ ಈ ಕೆಂಪು ಲೇಪವನ್ನು ಅವಲಂಬಿಸಿತು.

ಅದು ಚೀನಾ. ಅಲ್ಲಿ ತಾಮ್ರದ ಬೆಟ್ಟಗಳಿಂದ ಒಸರುವ ಕಹಿ ನೀರಿಗೆ ಪಿತ್ತಜಲವೆಂಬ ಅರ್ಥದ ಹೆಸರಿತ್ತು. 11ನೆಯ ಶತಮಾನದ ವಿದ್ವಾಂಸ ಶೆನ್ ಕುವೊ ತನ್ನ ಗ್ರಂಥದಲ್ಲಿ ಅಂತಹ ಒಂದು ಊಟೆಯನ್ನು ವರ್ಣಿಸಿ, ಆ ನೀರನ್ನು ಬತ್ತಿಸುವ ಕಬ್ಬಿಣದ ಬಾಣಲೆ ಬಹುಕಾಲದ ಮೇಲೆ ತಾಮ್ರವಾಗುವುದೆಂದು ಬರೆದಿದ್ದಾನೆ. ಸಾಂಗ್ ಅರಸರ ಅಧಿಕಾರಿಗಳು ಇದನ್ನು ಕೌತುಕವೆಂದು ಬಿಡಲಿಲ್ಲ. ಆ ಶತಮಾನದ ಕೊನೆಯ ವೇಳೆಗೆ ಕಾಲುವೆಗಳನ್ನು ತೋಡಿ, ಅವುಗಳಲ್ಲಿ ಕಬ್ಬಿಣದ ತೆಳುತಗಡುಗಳನ್ನು ಹಾಸಿ, ಪಿತ್ತಜಲವನ್ನು ಹಾಯಿಸಿ, ತಗಡಿಗೆ ಅಂಟಿದ ತಾಮ್ರವನ್ನು ಕೆರೆದು, ಟಂಕಸಾಲೆಗೆ ಕಳುಹಿಸತೊಡಗಿದರು. ಊಟೆಯ ನೀರು ಸಾಲದೆ ಬಂದಾಗ ತಾಮ್ರದಂಶದ ಮಣ್ಣನ್ನು ರಾಶಿ ಹಾಕಿ ನೀರು ಹೊಯ್ದು ಇಳಿಸುವುದನ್ನೂ ಕಲಿತರು. ಉಪ್ಪಾರರ ತೊಟ್ಟಿಯೂ ತೋಟಿಗನ ಕತ್ತಿಯೂ ಅಲ್ಲಿ ಜೊತೆಗೂಡಿದುವೆಂದು ಹೇಳಬಹುದು.

ನಮ್ಮ ರಸಶಾಸ್ತ್ರಕಾರರು ಈ ದಾರಿಯ ಹತ್ತಿರಕ್ಕೆ ಬಂದಿದ್ದರು. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಓದಿದವರಿಗೆ ಇದು ತಿಳಿದಿರುತ್ತದೆ. ನವಿಲಿನ ಕತ್ತಿನ ಬಣ್ಣದ ಸಸ್ಯಕದಿಂದ ಇಂದ್ರಗೋಪದಂತೆ ಕೆಂಪಾದ ಸತ್ತ್ವವನ್ನು ತೆಗೆಯುವ ವಿಧಿ ರಸರತ್ನಸಮುಚ್ಚಯದಲ್ಲಿದೆ. ಸಸ್ಯಕವೆಂದರೆ ಮೈಲುತುತ್ತ, ಸತ್ತ್ವವೆಂದರೆ ತಾಮ್ರ. ಆದರೆ ಅವರು ಅದನ್ನು ತೆಗೆದುದು ಮೂಸೆಯಲ್ಲಿಟ್ಟು, ಬೆಂಕಿಯಿಂದ. ಅವರ ಗುರಿ ಔಷಧ. ಒಂದು ಗುಳಿಗೆಗೆ ಬೇಕಾದಷ್ಟು ಸತ್ತ್ವ ಬಂದರೆ ಅವರಿಗೆ ಸಾಕಾಗಿತ್ತು. ರಾಶಿಯ ವಿದ್ಯೆ ಬೆಳೆಯುವುದು ಮಣಗಟ್ಟಲೆ ಬೇಕೆಂಬ ಅವಸರವುಳ್ಳ ಕಡೆಯಲ್ಲಿ.

ಅಂತಹ ಅವಸರವನ್ನು, ಅದರ ಬೆಲೆಯನ್ನೂ, ಸ್ಪೇಯಿನ್ ದೇಶದ ರಿಯೋ ಟಿಂಟೊ ಕಂಡಷ್ಟು ಬೇರೆ ಯಾವ ಊರೂ ಕಂಡಿರಲಾರದು. ಆ ಹೆಸರಿನ ಹೊಳೆಯ ನೀರು ಹುಟ್ಟಿನಿಂದಲೇ ಕೆಂಪು. ರೋಮನರ ಕಾಲಕ್ಕಿಂತ ಮೊದಲೇ ಅಲ್ಲಿ ಗಣಿ ತೋಡಿದ್ದರು. 1873ರಲ್ಲಿ ಸ್ಪೇಯಿನಿನ ಸರಕಾರ ಆ ಗಣಿಯನ್ನು ಲಂಡನ್ನಿನ ಬಂಡವಾಳಗಾರರಿಗೆ ಮಾರಿತು. ಅಲ್ಲಿಯ ಅದಿರು ಕಬ್ಬಿಣ ಗಂಧಕಗಳು ಬೆರೆತ ಮಾಕ್ಷಿಕ, ಅದರಲ್ಲಿ ತಾಮ್ರ ಅಲ್ಪ. ಅದನ್ನು ನೀರಿಗೆ ಕರಗುವಂತೆ ಮಾಡಲು ಬಯಲಿನಲ್ಲಿ ದೊಡ್ಡ ದೊಡ್ಡ ಒಟ್ಟಲುಗಳನ್ನಾಗಿ ಮಾಡಿ, ಅಡಿಯಲ್ಲಿ ಸೌದೆಯಿಟ್ಟು, ತಿಂಗಳುಗಟ್ಟಲೆ ಸುಡುತ್ತಿದ್ದರು. ಗಂಧಕ ಹೊಗೆಯಾಗಿ ಹೋಗುತ್ತಿತ್ತು. ಬಳಿಕ ಬೂದಿಯಂತಾದ ಅದಿರನ್ನು ನೀರಿನಲ್ಲಿ ತೊಳೆದು, ನೀರನ್ನು ಕಬ್ಬಿಣದ ಗಟ್ಟಿಗಳ ಮೇಲೆ ಹಾಯಿಸಿ ತಾಮ್ರವನ್ನು ಪಡೆಯುತ್ತಿದ್ದರು. ಹೊಗೆ ಮಾತ್ರ ಎಲ್ಲಿಗೂ ಹೋಗದೆ ಕಣಿವೆಯಲ್ಲಿಯೇ ಮಲಗುತ್ತಿತ್ತು. ಪೈರು ಸುಟ್ಟಿತು, ಮರಗಳು ಒಣಗಿದುವು, ಉಸಿರುಕಟ್ಟಿ ಕೂಲಿಯವರು ಕೆಲಸಕ್ಕೆ ಹೋಗಲಾರದೆ ಹೋದರು. 1888ರ ಫೆಬ್ರವರಿ 4ರಂದು ರೈತರೂ ಗಣಿಯ ಕಾರ್ಮಿಕರೂ ಒಟ್ಟಾಗಿ, ಹೆಂಗಸರು ಮಕ್ಕಳೊಡನೆ, ಬಯಲ ಸುಡುವಿಕೆಯನ್ನು ನಿಲ್ಲಿಸಬೇಕೆಂದು ಕೇಳುತ್ತ ಊರಿನ ಚಾವಡಿಯ ಮುಂದೆ ನೆರೆದರು. ಸೈನ್ಯ ಆ ಜನದ ಮೇಲೆ ಗುಂಡು ಹಾರಿಸಿತು. ಸರಕಾರದ ಲೆಕ್ಕ ಸತ್ತವರನ್ನು 13 ಎಂದಿತು. ಊರಿನವರು ನೂರರ ಮೇಲೆ ಎಂದರು. ಆ ವರುಷಕ್ಕೆ ಅಲ್ಲಿಯವರು ಗುಂಡಿನ ವರುಷವೆಂದೇ ಹೆಸರಿಟ್ಟಿದ್ದಾರೆ.

ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. ಸುಡದೆಯೇ ರಾಶಿ ಹಾಕಿ, ಗಾಳಿಯಾಡಲು ಸಂದುಗಳನ್ನು ಬಿಟ್ಟು, ಬರಿಯ ನೀರು ಚಿಮುಕಿಸಿದರೂ ಕಾಲಕ್ರಮದಲ್ಲಿ ತಾಮ್ರ ಇಳಿಯುವುದೆಂಬುದು ಅಲ್ಲಿಯವರಿಗೆ ಗೊತ್ತಿತ್ತು. ಆದರೆ ಅದಕ್ಕೆ ವರುಷಗಳು ಬೇಕು, ಹೂಡಿದ ಹಣ ರಾಶಿಯಲ್ಲಿಯೇ ಮಲಗಿರುತ್ತದೆ. ಬೆಂಕಿ ಬೇಗ, ನೀರು ತಡ. ಕಡೆಗೆ ಬಯಲ ಬೆಂಕಿ ಆರಿದ ಮೇಲೆ ತಡವಾದ ನೀರೇ ಅಲ್ಲಿಯ ಕೆಲಸವನ್ನು ವಹಿಸಿಕೊಂಡಿತು. ಹೀಪ್ ಲೀಚಿಂಗ್ ಕೇವಲ ಉಳಿತಾಯದ ಉಪಾಯವೆಂದು ತಿಳಿಯುವವರು ಈ ಕಣಿವೆಯ ಕಥೆಯನ್ನು ಮರೆಯಬಾರದು.

ಬರಿಯ ನೀರು ಮಾಕ್ಷಿಕವನ್ನು ಹೇಗೆ ಕರಗಿಸುತ್ತಿತ್ತು? ರಿಯೋ ಟಿಂಟೊದವರು ಅದನ್ನು ಗಾಳಿಯ ಮಹಿಮೆಯೆಂದುಕೊಂಡಿದ್ದರು. 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು, ಕಲ್ಲಿದ್ದಲ ಗಣಿಗಳಿಂದ ಹರಿಯುವ ಹುಳಿನೀರನ್ನು ಪರೀಕ್ಷಿಸುತ್ತ, ಅದರಲ್ಲಿ ಒಂದು ಸೂಕ್ಷ್ಮಾಣು ಜೀವಿಯನ್ನು ಕಂಡರು. 1951ರಲ್ಲಿ ಅದಕ್ಕೆ ಥಯೋಬ್ಯಾಸಿಲಸ್ ಫೆರೋಆಕ್ಸಿಡನ್ಸ್ ಎಂಬ ನಾಮಕರಣವಾಯಿತು. ಕಬ್ಬಿಣವೂ ಗಂಧಕವೂ ಅದಕ್ಕೆ ಆಹಾರ. ಅನ್ನ, ಸಕ್ಕರೆ, ಸೂರ್ಯನ ಬೆಳಕು ಯಾವುದೂ ಬೇಡ. ನೀರಿನಲ್ಲಿರುವ ಫೆರಸ್ ಕಬ್ಬಿಣವನ್ನು ಅದು ಫೆರಿಕ್ ಆಗಿ ಮಾರ್ಪಡಿಸುತ್ತದೆ. ಫೆರಿಕ್ ಕಬ್ಬಿಣವು ಮಾಕ್ಷಿಕವನ್ನು ಕೊರೆದು ಮರಳಿ ಫೆರಸ್ ಆಗುತ್ತದೆ. ಸೂಕ್ಷ್ಮಾಣು ಮತ್ತೆ ಅದನ್ನು ಫೆರಿಕ್ ಮಾಡುತ್ತದೆ. ಗಾಳಿಯೊಂದರಿಂದಲೇ ಆಗುವ ಈ ಮಾರ್ಪಾಡಿನ ವೇಗ ಇದರ ಸಹಾಯದಿಂದ ಲಕ್ಷಗಟ್ಟಲೆ ಮಡಿ ಹೆಚ್ಚುವುದೆಂದು ಬಲ್ಲವರು ಅಳೆದಿದ್ದಾರೆ. ಶತಮಾನಗಳ ಕಾಲ ಗಣಿಯವರು ತಮಗೆ ಗೊತ್ತಿಲ್ಲದ ಕೋಟ್ಯನುಕೋಟಿ ಕೂಲಿಗಳಿಂದ ಕೆಲಸ ಮಾಡಿಸಿಕೊಂಡಿದ್ದರು!

ಇನ್ನುಳಿದ ತೊಡಕು ಕಬ್ಬಿಣದ್ದು. ತಾಮ್ರದಷ್ಟೇ ತೂಕದ ಕಬ್ಬಿಣವನ್ನು ತಂದು ಕರಗಿಸುವುದು ದುಬಾರಿ, ದೊರೆತ ತಾಮ್ರವೂ ಕಶ್ಮಲ. 1968ರಲ್ಲಿ ಅಮೆರಿಕದ ಅರಿಜೋನಾದ ಬ್ಲೂಬರ್ಡ್ ಗಣಿಯಲ್ಲಿ ಹೊಸ ಮಾರ್ಗವೊಂದು ವ್ಯಾಪಾರದ ಮಟ್ಟದಲ್ಲಿ ಜಾರಿಗೆ ಬಂದಿತು. ರಾಶಿಯಿಂದ ಇಳಿದ ನೀರಿನಲ್ಲಿ ಲೀಟರಿಗೆ ಕೆಲವೇ ಗ್ರಾಂ ತಾಮ್ರವಿರುತ್ತದೆ. ತಾಮ್ರವನ್ನು ಮಾತ್ರ ಆರಿಸಿ ಹಿಡಿಯುವ ಒಂದು ರಾಸಾಯನಿಕವನ್ನು ಸೀಮೆಯೆಣ್ಣೆಯಲ್ಲಿ ಬೆರೆಸಿ, ಆ ನೀರಿನೊಡನೆ ಕಲಕಿ ನಿಲ್ಲಿಸಿದರೆ, ತಾಮ್ರ ಎಣ್ಣೆಗೆ ಹತ್ತುತ್ತದೆ, ಕಬ್ಬಿಣ ನೀರಿನಲ್ಲಿ ಉಳಿಯುತ್ತದೆ. ತಾಮ್ರ ಹೊತ್ತ ಎಣ್ಣೆಯನ್ನು ತೀವ್ರವಾದ ಗಂಧಕಾಮ್ಲದೊಡನೆ ಕಲಕಿದರೆ ತಾಮ್ರ ಅದಕ್ಕೆ ಇಳಿಯುತ್ತದೆ. ಆ ದಟ್ಟ ನೀಲಿ ದ್ರವದಲ್ಲಿ ವಿದ್ಯುಚ್ಛಕ್ತಿಯನ್ನು ಹಾಯಿಸಿದರೆ ನೂರಕ್ಕೆ 99.99ರಷ್ಟು ಶುದ್ಧವಾದ ತಾಮ್ರದ ಹಲಗೆಗಳು ಕೂಡಿಬರುತ್ತವೆ. ಬರಿದಾದ ಹುಳಿನೀರು ಮತ್ತೆ ರಾಶಿಯ ನೆತ್ತಿಗೆ ಹೋಗುತ್ತದೆ. ಚಿಲಿ ದೇಶದ ಮರುಭೂಮಿಯಲ್ಲಿ ಇಂತಹ ರಾಶಿಗಳನ್ನು ಬೆಟ್ಟಗಳಂತೆ ಕಟ್ಟಿದ್ದಾರೆ.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಚಿತ್ರದುರ್ಗದ ಆಗ್ನೇಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಇಂಗಳದಾಳವಿದೆ. ಅಲ್ಲಿಯ ಹಸುರು ಬಣ್ಣದ ಪುರಾತನ ಜ್ವಾಲಾಮುಖಿ ಶಿಲೆಗಳಲ್ಲಿ ತಾಮ್ರದ ಎಳೆಗಳಿವೆ. ಹಿಂದಿನವರು ತೋಡಿದ ಗುಂಡಿಗಳೇ ಈಚಿನವರಿಗೆ ದಾರಿ ತೋರಿಸಿದುವು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿಯೂ ಹಾಗೆಯೇ. ಕೌಟಿಲ್ಯನು ಆಕರಾಧ್ಯಕ್ಷನಿಗೆ ಅದಿರನ್ನು ಬಣ್ಣ ತೂಕಗಳಿಂದ ಗುರುತಿಸಲು ಹೇಳಿರುವನಷ್ಟೆ. ನೆಲದ ಮೇಲ್ಮೈಗೆ ಹತ್ತಿರವಾದ ಅದಿರು ಗಾಳಿ ಮಳೆಗಳಿಂದ ಬದಲಾಗಿ ಹಸುರು ನೀಲಿಗಳಿಗೆ ತಿರುಗಿರುತ್ತದೆ, ಕಣ್ಣಿಗೂ ಬೀಳುತ್ತದೆ, ಕುಲುಮೆಗೂ ಬೇಗ ಬಗ್ಗುತ್ತದೆ. ಪ್ರಾಚೀನರು ಇದನ್ನು ಬಳಿದುಕೊಂಡು ಹೋದರು. ಅವರು ಬಿಟ್ಟುದು ಆಳದಲ್ಲಿರುವ ಹೊಂಬಣ್ಣದ ತಾಮ್ರಮಾಕ್ಷಿಕ, ಅಂದರೆ ಕ್ಯಾಲ್ಕೊಪೈರೈಟ್.

1894ರಲ್ಲಿ ರಾಬರ್ಟ್ ಬ್ರೂಸ್ ಫೂಟರ ನೇತೃತ್ವದಲ್ಲಿ ಆರಂಭವಾದ ಮೈಸೂರು ಭೂಗರ್ಭಶಾಸ್ತ್ರದ ಇಲಾಖೆ ಈ ಸೀಮೆಯ ಶಿಲೆಗಳನ್ನು ಕ್ರಮವಾಗಿ ಅಳೆಯತೊಡಗಿತು. ಬಿ. ಪಿ. ರಾಧಾಕೃಷ್ಣರಂತಹ ಭೂವಿಜ್ಞಾನಿಗಳ ಕಾಲದಲ್ಲಿ ಶೋಧನೆ ಮುಂದುವರಿದು, ಇಂಗಳದಾಳದಲ್ಲಿ ಚಿತ್ರದುರ್ಗ ತಾಮ್ರದ ಕಂಪನಿ ಗಣಿಯನ್ನು ನಡೆಸಿತು. ಮುಂದೆ ಅದು ಹಟ್ಟಿ ಚಿನ್ನದ ಗಣಿಯ ಕಂಪನಿಯ ಆಡಳಿತಕ್ಕೆ ಸೇರಿತು. ಅದಿರು ಬಡದು. ನೂರು ಭಾಗ ಕಲ್ಲಿಗೆ ತಾಮ್ರ ಒಂದು ಭಾಗದ ಆಸುಪಾಸು, ಎಂದರೆ ಒಂದು ಟನ್ನಿಗೆ ಹತ್ತು ಕಿಲೋಗಳಷ್ಟು. ಇದನ್ನು ನುಣ್ಣಗೆ ಅರೆದು, ನೊರೆಯಲ್ಲಿ ತೇಲಿಸಿ, ಸಾರವನ್ನು ಕೂಡಿಸಿ, ಹೊರರಾಜ್ಯದ ಕುಲುಮೆಗೆ ಸಾಗಿಸಬೇಕಾಗಿತ್ತು. ಏಕೆಂದರೆ ಕರ್ನಾಟಕದಲ್ಲಿ ತಾಮ್ರದ ಅದಿರನ್ನು ಕರಗಿಸುವ ಕುಲುಮೆ ಇರಲಿಲ್ಲ. ಬಡ ಕಲ್ಲು, ಸಣ್ಣ ಗಣಿ, ದೂರದ ಸಾಗಾಟ, ಈ ಮೂರು ಹೊರೆಗಳನ್ನು ಹೊತ್ತು ಕೆಲವು ದಶಕ ನಡೆದು ಆ ಗಣಿ ನಿಂತಿತು.

ಹಾಗಾದರೆ ಅದನ್ನು ರಾಶಿ ಹಾಕಿ ಹುಳಿನೀರು ಬಿಡಬಾರದಿತ್ತೇ ಎಂದು ಕೇಳಬಹುದು. ಬಡ ಅದಿರಿಗೆ, ಕುಲುಮೆಯಿಲ್ಲದ ನಾಡಿಗೆ ಹೇಳಿಮಾಡಿಸಿದ ವಿಧಾನವಲ್ಲವೇ ಇದು? ಇಲ್ಲಿಯೇ ಕಲ್ಲಿನ ಜಾತಿ ಅಡ್ಡ ಬರುತ್ತದೆ. ಹಸುರು ಅದಿರು ಹುಳಿನೀರಿಗೆ ಕೆಲವು ತಿಂಗಳಲ್ಲಿ ಕರಗುತ್ತದೆ. ತಾಮ್ರವೂ ಗಂಧಕವೂ ಮಾತ್ರ ಕೂಡಿದ ಅದಿರು ಸೂಕ್ಷ್ಮಾಣುಗಳ ಸಹಾಯದಿಂದ ಒಂದೆರಡು ವರುಷಗಳಲ್ಲಿ ಬಗ್ಗುತ್ತದೆ. ತಾಮ್ರಮಾಕ್ಷಿಕವೋ ಎಲ್ಲಕ್ಕಿಂತ ಹಟಮಾರಿ. ಮೊದಲು ತುಸು ಕರಗಿ, ತನ್ನ ಮೈಮೇಲೆ ತಾನೇ ಒಂದು ಪೊರೆ ಕಟ್ಟಿಕೊಂಡು ನಿಂತುಬಿಡುತ್ತದೆ. ಹುಳಿಗೆ ಬೇಗ ಬಗ್ಗುವ ಪಾಲನ್ನು ಪ್ರಾಚೀನರು ಬೆಂಕಿಗೆ ಹಾಕಿದರು, ಹುಳಿಗೆ ಬಗ್ಗದ ಪಾಲು ನಮ್ಮ ಪಾಲಿಗೆ ಉಳಿಯಿತು. ಮಧ್ಯಪ್ರದೇಶದ ಮಲಾಂಜಖಂಡದಲ್ಲಿ ಹಿಂದೂಸ್ತಾನ್ ಕಾಪರ್ ಸಂಸ್ಥೆಯ ದೊಡ್ಡ ಗಣಿಯಿದೆ. ಅಲ್ಲಿಯ ಬಡ ಅದಿರಿನ ಮೇಲೆಯೂ ಈ ಪ್ರಯೋಗಗಳು ನಡೆದಿವೆ. ಅಲ್ಲಿಯೂ ಮುಖ್ಯವಾಗಿರುವುದು ಇದೇ ಮಾಕ್ಷಿಕ.

ಲೀಚಿಂಗ್ ನಮ್ಮ ರಾಜ್ಯಕ್ಕೇ ಬರಲಿಲ್ಲವೆಂದು ಇದರ ಅರ್ಥವಲ್ಲ. ಚಿನ್ನದ ವಿಷಯದಲ್ಲಿ ಅದು ಬೇಗ ಬಂದಿತು. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಹಕ್ಕು ಪಡೆದ ಸೈನೈಡ್ ವಿಧಾನ, ಅದೇ ಶತಮಾನದ ಕೊನೆಯ ದಶಕದಲ್ಲಿ ಕೋಲಾರದ ಗಣಿಗಳನ್ನು ಮುಟ್ಟಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಜನರು ಸೈನೈಡ್ ದಿಬ್ಬಗಳೆನ್ನುವ ಆ ಮರಳಿನ ಗುಡ್ಡಗಳು ಮಾತ್ರ ನಿಂತಿವೆ, ಬೇಸಿಗೆಯ ಗಾಳಿಗೆ ಅವುಗಳ ದೂಳು ಊರಿನ ಮೇಲೆ ಬೀಳುತ್ತದೆ. ಸೂಕ್ಷ್ಮಾಣುಗಳ ವಿದ್ಯೆಯೂ ನಮ್ಮಲ್ಲಿ ಚಿನ್ನದ ಕಡೆಯಿಂದಲೇ ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಮೊದಲಾದ ಲೋಹಶಾಸ್ತ್ರಜ್ಞರು ದಶಕಗಳ ಕಾಲ ಈ ಜೀವಿಗಳನ್ನು ಸಾಕಿ ಅಭ್ಯಾಸ ಮಾಡಿದರು. ಮಾಕ್ಷಿಕದೊಳಗೆ ಅಡಗಿ ಸೈನೈಡಿಗೂ ಸಿಕ್ಕದ ಚಿನ್ನವನ್ನು ಬಿಡಿಸಲು ಹಟ್ಟಿಯಲ್ಲಿ ಅವುಗಳನ್ನು ದುಡಿಸಿ ನೋಡಿದರು. ಗ್ರಾಂ ಲೆಕ್ಕದಲ್ಲಿ ಮಾರುವ ಲೋಹ ಇಂತಹ ಆರೈಕೆಯ ಖರ್ಚನ್ನು ತಡೆಯುತ್ತದೆ. ಟನ್ನಿನ ಲೆಕ್ಕದಲ್ಲಿ ಮಾರುವ ತಾಮ್ರಕ್ಕೆ ಆ ಭಾಗ್ಯವಿಲ್ಲ.

ತಾಮ್ರದ ಅಗತ್ಯ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. 1948ರಲ್ಲಿ ಬೆಂಗಳೂರಿನ ದಕ್ಷಿಣಕ್ಕೆ ಜಯನಗರವನ್ನು ಕಟ್ಟಲು ತೊಡಗಿದ ಕಾಲದಲ್ಲಿ ಬಹು ಮನೆಗಳ ಬಚ್ಚಲಿನಲ್ಲಿ ತಾಮ್ರದ ಹಂಡೆ ಹುಣಿಸೆಹಣ್ಣಿನಿಂದ ಉಜ್ಜಿಸಿಕೊಂಡು ಹೊಳೆಯುತ್ತಿತ್ತು. ಆ ಉಜ್ಜುವಿಕೆಯೂ ಹುಳಿಯಿಂದ ತಾಮ್ರದ ಕಿಲುಬನ್ನು ಕರಗಿಸುವ ಕ್ರಿಯೆಯೇ. ಹಂಡೆಗಳು ಹೋದುವು. ತಾಮ್ರ ಗೋಡೆಯೊಳಕ್ಕೆ ತಂತಿಯಾಗಿ ಸೇರಿತು, ಪಂಖ, ನೀರೆತ್ತುವ ಮೋಟಾರು, ಮೆಟ್ರೋ ರೈಲು, ವಿದ್ಯುಚ್ಛಕ್ತಿಯ ಕಾರುಗಳೊಳಗೆ ಸುರುಳಿಯಾಗಿ ಸುತ್ತಿಕೊಂಡಿತು. ಕಣ್ಣಿಗೆ ಕಾಣಿಸದಿದ್ದರೂ ಒಂದೊಂದು ಮನೆ ಬಳಸುವ ತಾಮ್ರ ಹೆಚ್ಚಿದೆಯೇ ಹೊರತು ತಗ್ಗಿಲ್ಲ. ಅದರ ಬಹುಪಾಲು ಹೊರದೇಶದ ಬೆಟ್ಟಗಳದು. ಆದುದರಿಂದ ತಾಮ್ರಮಾಕ್ಷಿಕದ ಪೊರೆಯನ್ನು ಭೇದಿಸುವ ಪ್ರಯತ್ನ ಇಂದಿಗೂ ನಿಂತಿಲ್ಲ. ಕುದಿನೀರಿನ ಬುಗ್ಗೆಗಳಲ್ಲಿ ಬಾಳುವ ಸೂಕ್ಷ್ಮಾಣುಗಳನ್ನು ತಂದು ರಾಶಿಯನ್ನು ಒಳಗಿನಿಂದ ಬಿಸಿಮಾಡಿ ನೋಡುತ್ತಾರೆ, ಹುಳಿನೀರಿಗೆ ಉಪ್ಪನ್ನು ಬೆರೆಸಿ ನೋಡುತ್ತಾರೆ.

ಕಡೆಯದಾಗಿ ಒಂದು ಮಾತನ್ನು ಹೇಳಬೇಕು, ಏಕೆಂದರೆ ಗಣಿ ಮುಚ್ಚಿದೊಡನೆ ಈ ಕ್ರಿಯೆ ಮುಗಿಯುವುದಿಲ್ಲ. ಮಾಕ್ಷಿಕ ಬೆರೆತ ಕಲ್ಲಿನ ರಾಶಿಯನ್ನು ಮಳೆ ಗಾಳಿಗಳಿಗೆ ಬಿಟ್ಟರೆ ಯಾರೂ ಹುಳಿ ಬೆರೆಸದೆಯೇ ಹುಳಿ ಹುಟ್ಟುತ್ತದೆ, ಯಾರೂ ಹಿಡಿದುಕೊಳ್ಳದೆಯೇ ನೀರು ಇಳಿಯುತ್ತದೆ. ಕಟ್ಟಿದ ರಾಶಿಯ ಅಡಿಯಲ್ಲಿ ಜೇಡಿಮಣ್ಣೂ ಪ್ಲಾಸ್ಟಿಕ್ ಹಾಸೂ ಇರುತ್ತವೆ. ಎಸೆದ ರಾಶಿಯ ಅಡಿಯಲ್ಲಿ ಬರಿಯ ನೆಲ. ಚಿತ್ರದುರ್ಗ ಮಳೆ ಕಡಿಮೆಯ ಸೀಮೆಯಾದುದರಿಂದ ಅಂತಹ ನೀರು ಹುಟ್ಟುವುದು ನಿಧಾನ. ಆದರೆ ಹುಟ್ಟಿದುದನ್ನು ತೆಳುಮಾಡಿ ಕೊಂಡೊಯ್ಯಲು ತುಂಬಿದ ಹೊಳೆಯೂ ಹತ್ತಿರವಿಲ್ಲ, ಅಲ್ಲಿಯ ಬದುಕು ಬಾವಿಗಳ ಮೇಲೆಯೇ. ಇದಕ್ಕೆ ಬಲ್ಲವರು ಹೇಳುವ ಚಿಕಿತ್ಸೆ ತೋಟಿಗನು ಬಲ್ಲುದೇ ಆಗಿದೆ. ರಾಶಿಗೆ ಗಾಳಿ ತಾಗದಂತೆ ಮಣ್ಣು ಹೊದಿಸಿ, ಹುಳಿ ಮುರಿಯುವಷ್ಟು ಸುಣ್ಣವನ್ನು ಬೆರೆಸಬೇಕು. ಇಂಗಳದಾಳದ ತಾಮ್ರವಿರುವ ಅದೇ ಶಿಲಾಪಟ್ಟಿಯಲ್ಲಿ ಸುಣ್ಣಕಲ್ಲೂ ದೊರೆಯುತ್ತದೆ.